ಅಟ್ಟದಯ್ಯನ ಪಾಲು

ಕಂದಿಕೆರೆ ದಾಟಿ ಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ ಗಂಗರಾಜುವಿನ ತೋಟದ ಮನೆ ಸಿಗುತ್ತದೆ. ಆ ಮನೆಯ ಭೈರಮ್ಮನನ್ನು ಹೊಸಬರು ನೋಡಿದರೆ ಗಂಗರಾಜುವಿನ ತಾಯಿ ಅಂದುಕೊಳ್ಳುತ್ತಾರೆ. ತಾಯಿಯಲ್ಲ, ಅಕ್ಕ. ಇನ್ನೂ ನಲವತ್ತು ತುಂಬಿಲ್ಲ. ತಲೆ ಪೂರ್ತಿ ಬೆಳ್ಳಗಾಗಿದೆ, ಕೆನ್ನೆ ಒಳಕ್ಕೆ ಹೋಗಿದೆ, ಕೈ ಹಿಡಿದರೆ ಒಣಸೋಗೆ ಹಿಡಿದ ಹಾಗೆ. ಸುಡುವ ಬೇಸಗೆಯಲ್ಲೂ ತುಂಬುತೋಳಿನ ಸ್ವೆಟರ್ ತೊಟ್ಟಿರುತ್ತಾಳೆ.

ಅವಳ ಬಾಳಿನ ಕಥೆಯನ್ನು ನನಗೆ ಹೇಳಿದವಳು ಅವಳೇ. ನಮ್ಮ ಜಗಲಿಯ ಮೇಲೆ ಕೂತು, ಎಷ್ಟೋ ಮಧ್ಯಾಹ್ನಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ನಾನು ಸಂಪಿಗೆಯ ಶ್ರೀನಿವಾಸನ ದರ್ಶನಕ್ಕೆ ಹೋಗಿ ಬಂದಾಗಲೆಲ್ಲ ಅವಳಿಗೆ ತುಳಸಿ ತಂದುಕೊಡುತ್ತಿದ್ದೆ. ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮನೆಗೆ ಹೊರಡುವಾಗ ಅದನ್ನು ತೆಗೆದು ನನ್ನ ಕೈಗೇ ವಾಪಸು ಕೊಡುತ್ತಿದ್ದಳು.

"ಅಟ್ಟ ಹತ್ತಬೇಕು ಕಣವ್ವ. ಇದಿದ್ರೆ ಅವನು ಹತ್ರ ಬರಾಕಿಲ್ಲ."

ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಬಿಸಿಲಿನಲ್ಲಲ್ಲ, ಕತ್ತಲಲ್ಲಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ತುಂಬಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯಿ ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅಂದರೆ ಇಳಿಸುವ ಹೊತ್ತಾಯಿತು ಎಂದು ಲೆಕ್ಕ. ಆ ನೀರೆಲ್ಲ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಗಂಗರಾಜುವಿನ ಮನೆಯಲ್ಲಿ ಮಾತ್ರ ಅದಕ್ಕೊಂದು ಉತ್ತರವಿತ್ತು. ಅಟ್ಟದಯ್ಯ ಕುಡಿಯುತ್ತಾನೆ, ಅನ್ನುತ್ತಿದ್ದರು.

ಆ ಅಟ್ಟವನ್ನು ಹೊತ್ತಿರುವ ದೊಡ್ಡ ತೊಲೆ ಬಹಳ ಹಳೆಯ ತೆಂಗಿನ ಮರದ್ದು. ಅಜ್ಜಿ ಮರಿಯಮ್ಮನ ಕಾಲದಿಂದಲೂ ಅಟ್ಟ ಬರಿದು ಮಾಡುವಾಗ ಆ ತೊಲೆಯ ಮಗ್ಗುಲಲ್ಲಿ ಒಂದಷ್ಟು ನೀರುಗಾಯಿ ಬಿಡುತ್ತಿದ್ದರು. ಹೊಸ ಕಾಯಿ ಮೇಲೆ ಹೋದ ಮೇಲೆಯೇ ಹಳೆಯದನ್ನು ಇಳಿಸುತ್ತಿದ್ದರು. ಅದು ಅಯ್ಯನ ಪಾಲು. ಪೂಜೆಯಿಲ್ಲ, ಊದುಬತ್ತಿಯಿಲ್ಲ. ದೇವರೂ ಅಲ್ಲದ ದೆವ್ವವೂ ಅಲ್ಲದ ಒಬ್ಬ ಬಾಡಿಗೆದಾರನಿಗೆ ಕೊಡುವ ಊಟದ ಹಾಗೆ ಅದನ್ನು ಬಿಟ್ಟು ಬರುತ್ತಿದ್ದರು, ಅಷ್ಟೆ.

ಅಟ್ಟದ ಕೆಲಸ ಭೈರಮ್ಮನದಾಗಿತ್ತು. ಚಿಕ್ಕವಳಾಗಿದ್ದಾಗಲೇ ಅವಳ ಎಡಗಣ್ಣಿಗೆ ಹೂವು ಬಿದ್ದು ಪಾಪೆಯ ಮೇಲೆ ಬಿಳಿ ಪೊರೆ ನಿಂತಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಬಸ್ಸು ಹತ್ತುತ್ತಿದ್ದರು. ಹಾಗೆ ಒಂದು ಕಡೆಯವರು ಹೋದ ಮಧ್ಯಾಹ್ನ ಅವಳು ಅಟ್ಟ ಹತ್ತಿ, ಕಾಯಿಗಳ ನಡುವೆ ಕೂತು ಅಳುತ್ತಿದ್ದಳು. ತೊಲೆಯ ಹಿಂದಿನ ಕತ್ತಲಿಂದ ಯಾರೋ ಕೇಳಿದರು.

"ಯಾಕೆ ನೀರು ಚೆಲ್ತಾ ಇದೀಯ?"

ಅವಳು ಕಿರುಚಲಿಲ್ಲ. ಅಲ್ಲಿ ಯಾರೋ ಇದ್ದಾರೆಂದು ಅವಳಿಗೆ ಎಂದೋ ಗೊತ್ತಿತ್ತು. ಕಾಯಿ ಹೊರಳಿಸುವಾಗ, ಕೂಸು ಮೊಲೆ ಚೀಪುವಂಥ ಸಣ್ಣ ಸದ್ದನ್ನು ಎಷ್ಟೋ ಸಲ ಕೇಳಿದ್ದಳು.

"ನನ್ನ ಕಣ್ಣೀರು, ನನ್ನಿಷ್ಟ," ಅಂದಳು.

"ಸುಮ್ಕೆ ಮಣ್ಣುಪಾಲು ಮಾಡ್ತೀಯಲ್ಲ. ಕೊಡು ಇತ್ಲಾಗೆ."

ಒಂದು ಉದ್ದನೆಯ ಬೆರಳು ಬಂದು ಅವಳ ಕೆನ್ನೆ ಒರೆಸಿ ಹಿಂದಕ್ಕೆ ಹೋಯಿತು. ಚೀಪಿದ ಸದ್ದಾಯಿತು.

"ಉಪ್ಪು," ಅಂದ ಅವನು. "ಚೆನ್ನಾಗದೆ."

ಅವಳಿಗೆ ನಗು ಬಂತು. ಕೆನ್ನೆ ಮುಟ್ಟಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಆಮೇಲೆ ಅವನು ಸ್ವಲ್ಪ ಸ್ವಲ್ಪ ಕಾಣಿಸಿಕೊಂಡ. ತೆಳ್ಳಗೆ, ಉದ್ದಕ್ಕೆ, ನಾರಿನ ಬಣ್ಣದ ಮೈ. ಕಿವಿಗಳು ಎಳೆಗರಿಯಂತೆ ಮೇಲಕ್ಕೆ ಚೂಪು. ಗಾಜಿನ ಹೆಂಚಿನಿಂದ ಬಿಸಿಲಿನ ಕೋಲು ಇಳಿಯುತ್ತಿದ್ದ ಕಡೆಗೆ ಬರುತ್ತಿರಲಿಲ್ಲ. ಅವನು ಸುಳಿಯವರ ಪೈಕಿ. ಹಳೇ ತೆಂಗಿನ ಮರಗಳ ತುದಿಯಲ್ಲಿ, ಎಳೆಗರಿ ಹುಟ್ಟುವ ಸುಳಿಯೊಳಗೆ ವಾಸ ಮಾಡುವ ಜನ ಅವರಂತೆ. ಹೊಂಬಾಳೆಯಲ್ಲಿ ನಿಂತ ಇಬ್ಬನಿ ಕುಡಿದುಕೊಂಡು, ಹಗಲು ಮಲಗಿ, ಸಂಜೆಗೆ ಗರಿಯ ಮೇಲೆ ಓಡಾಡುತ್ತ ಇರುವವರು. ಅವನ ಮರವನ್ನು ಈ ಮನೆಯವರು ಹಗಲು ಹೊತ್ತಿನಲ್ಲಿ ಕಡಿದರು. ಎಚ್ಚರಾದಾಗ ಮರ ತೊಲೆಯಾಗಿತ್ತು, ಮೇಲೆ ಹೆಂಚಿತ್ತು. ಇಬ್ಬನಿ ಇರಲಿಲ್ಲ. ಸುತ್ತ ಕಾಯಿಗಳಿದ್ದವು, ಅವುಗಳ ಕಣ್ಣಿಗೆ ಬಾಯಿಟ್ಟ.

"ತೊಲೆ ಬಿಟ್ಟು ಬರಾಕೆ ಆಗಲ್ವಾ?" ಎಂದು ಭೈರಮ್ಮ ಕೇಳಿದಳು.

"ಮರ ಬಿಟ್ಟು ಎಲ್ಲಿಗೆ ಹೋಗ್ಲಿ?"

"ಹೆಂಡ್ತಿ ಇದ್ಳಾ ನಿಂಗೆ?"

"ನಮ್ಮಲ್ಲಿ ಹಂಗನ್ನಕ್ಕಿಲ್ಲ. ಪಕ್ಕದ ಮರ ಅಂತೀವಿ. ಗಾಳಿಗೆ ಗರಿ ಗರಿ ಹೆಣೆದುಕೊಂಡ್ರೆ ಆಯ್ತು. ಇದ್ಳು. ಸಿಡಿಲು ಹೊಡೀತು."

"ಅಯ್ಯೋ. ಅತ್ತ್ಯಾ?"

"ಯಾಕೆ ಅಳಲಿ? ಆ ಕಡೆ ಇನ್ನೊಂದು ಮರ ಇತ್ತು."

ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡು ಭೈರಮ್ಮ ನಕ್ಕಳು. ಅವನಿಗೆ ತಮಾಷೆಯೂ ಗೊತ್ತಿರಲಿಲ್ಲ, ಸುಳ್ಳೂ ಗೊತ್ತಿರಲಿಲ್ಲ. ಅವಳ ಹೂಬಿದ್ದ ಕಣ್ಣನ್ನು ನೋಡಿ, "ಹೊಂಬಾಳೆ ಒಡೆದಂಗದೆ" ಅಂದಿದ್ದ. ಅದನ್ನು ಅವಳು ನನಗೆ ಹೇಳುವಾಗ ಆ ಒಣಮುಖಕ್ಕೆ ಎಲ್ಲಿಂದಲೋ ಬಣ್ಣ ಬಂತು. ಸುಳ್ಳು ಹೇಳಲು ಬಾರದವನು ಚೆಂದ ಅಂದರೆ ಅದು ಚೆಂದವೇ ಇರಬೇಕಲ್ಲವೇ ಎಂದು ಕೇಳಿದಳು. ಗಂಡಿನವರು ಬರುವುದು ನಿಂತುಹೋಯಿತು. ಅವಳಿಗೆ ಬೇಕೂ ಇರಲಿಲ್ಲ. ವರ್ಷಗಟ್ಟಲೆ, ಮನೆಯವರೆಲ್ಲ ಉಂಡು ಅಡ್ಡಾದ ಮಧ್ಯಾಹ್ನ, ಅವಳು ಮುಖ ತೊಳೆದು, ತಲೆ ಬಾಚಿ ಏಣಿ ಹತ್ತುತ್ತಿದ್ದಳು.

ಹಾಗೇ ನಡೆದುಕೊಂಡು ಹೋಗಬಹುದಿತ್ತು. ಆದರೆ ಕೊಬ್ಬರಿಯ ರೇಟು ಹಿಂದೆಂದೂ ಕಾಣದಷ್ಟು ಏರಿದ ವರ್ಷ ಬಂತು. ಎಳನೀರಿಗೂ ಹಾಗೇ ಬೇಡಿಕೆ. ಗಂಗರಾಜು ಮರದಲ್ಲಿದ್ದದ್ದನ್ನು ಬಲಿಯಲು ಬಿಡದೆ ಎಳನೀರಿಗೆ ಕೊಟ್ಟ. ಅಟ್ಟದಲ್ಲಿ ಒಣಗಿದ್ದದ್ದನ್ನು ತಿಪಟೂರಿನ ಹರಾಜಿಗೆ ಕಳಿಸಿದ. ಕೊನೆಗೆ ಉಳಿದಿದ್ದು ತೊಲೆಯ ಮಗ್ಗುಲಿನ ನೀರುಗಾಯಿ. ಅದನ್ನೂ ಮಂಕರಿಗೆ ತುಂಬತೊಡಗಿದಾಗ ಭೈರಮ್ಮ ಏಣಿಗೆ ಅಡ್ಡ ನಿಂತಳು.

"ಲೋ ಗಂಗ, ಅದು ಬುಡೋ. ಅಯ್ಯನ ಪಾಲು ಅದು."

"ಅಯ್ಯಂಗೆ ಈ ಸತಿ ರಜಾ ಕಣಕ್ಕ."

"ಅಟ್ಟ ಬರಿದಾಗಬಾರದು ಅಂತ ಅಜ್ಜಿ..."

"ಅಜ್ಜಿ ಕಾಲ್ದಲ್ಲಿ ಈ ರೇಟಿತ್ತಾ? ಇದ್ದಿದ್ರೆ ಅಜ್ಜಿನೇ ಮೊದ್ಲು ಇಳಿಸ್ತಿದ್ಳು."

ಕೆಳಗೆ ನಿಂತು ಮಂಕರಿ ಇಳಿಸಿಕೊಳ್ಳುತ್ತಿದ್ದ ಅವನ ಹೆಂಡತಿ ಶಿಲ್ಪ ನಕ್ಕಳು. "ಅಯ್ಯನೂ ತಿಪಟೂರಿಗೆ ಬಂದು ಹರಾಜಿಗೆ ಕೂತ್ಕಳ್ಳಲಿ ಬುಡಿ ಅತ್ಗೆ. ತೀರಾ ಬಾಯಾರಿದ್ರೆ ಬಸ್ ಸ್ಟ್ಯಾಂಡ್‌ನಾಗೆ ಸೋಡಾ ಕುಡೀಲಿ."

ಮನೆ ಕಟ್ಟಿದ ಮೇಲೆ ಮೊದಲ ಸಲ ಅಟ್ಟ ಬರಿದಾಯಿತು. ಎಳನೀರಿಗೆ ಕೊಟ್ಟಿದ್ದರಿಂದ ಹೊಸ ಕಾಯಿ ಬಲಿಯಲು ತಿಂಗಳುಗಳೇ ಬೇಕಿತ್ತು. ಭೈರಮ್ಮ ಅಡುಗೆಮನೆಯ ಒಂದೊಂದು ಕಾಯಿ ಕದ್ದು ಮೇಲೆ ಒಯ್ದಳು. ಶಿಲ್ಪ ಅದನ್ನು ಕಂಡುಹಿಡಿದು ಕಾಯಿಗಳನ್ನು ಬೀರುವಿಗಿಟ್ಟು ಬೀಗ ಹಾಕಿದಳು. ಚೊಂಬಿನಲ್ಲಿ ನೀರು ಒಯ್ದರೆ ಅವನು ಬಾಯಿಗೆ ಹಾಕಿ ಉಗುಳಿದ. ಬಾವಿಯ ನೀರಿಗೆ ಜೀವವಿಲ್ಲ ಅಂದ. ಆಷಾಢ ಕಳೆಯುವಷ್ಟರಲ್ಲಿ ಅವನ ಚರ್ಮ ಬಿರಿಯತೊಡಗಿತು. ಮಾತು ನಿಂತಿತು. ಒಂದು ಮಧ್ಯಾಹ್ನ ಅವಳು ಹೋದಾಗ ತೊಲೆಗೆ ಆತುಕೊಂಡು, ಬಾಯಿ ತೆರೆದು, ತುಟಿಯನ್ನು ಮೀನಿನ ಹಾಗೆ ಆಡಿಸುತ್ತಿದ್ದ.

"ಏನು ಕೊಡ್ಲಿ ನಿಂಗೆ? ಏನು ಕೊಡ್ಲಿ ಹೇಳು!"

ಅವನು ಅವಳ ಮಣಿಕಟ್ಟನ್ನು ನೋಡಿದ. ಚರ್ಮದ ಕೆಳಗೆ ನಾಡಿ ಮಿಡಿಯುವ ಜಾಗವನ್ನು.

"ಅಲ್ಲಿ ನೀರು ಓಡಾಡ್ತದೆ," ಅಂದ.

ಅವಳು ಕೈ ಚಾಚಿದಳು. ಯಾರೂ ಬಲವಂತ ಮಾಡಲಿಲ್ಲ ಎಂಬುದನ್ನು ಅವಳು ನನಗೆ ಮತ್ತೆ ಮತ್ತೆ ಹೇಳಿದ್ದಾಳೆ. ಮುಳ್ಳು ಮುರಿದಷ್ಟು ನೋವು, ಆಮೇಲೆ ತಣ್ಣಗೆ. ಅವನ ಬಿರಿದ ಕೆನ್ನೆ ಕೂಡಿಕೊಳ್ಳುವುದನ್ನು ನೋಡುತ್ತ, ಅವನ ತಲೆಯ ಮೇಲೆ ಇನ್ನೊಂದು ಕೈಯಿಟ್ಟು ಕೂತಿದ್ದಳಂತೆ. ಆ ದಿನ ಅವಳು ಸಂತೋಷವಾಗಿದ್ದಳು. ಅವಳ ಬಾಯಿಂದ ಆ ಪದವನ್ನು ನಾನು ಕೇಳಿದ್ದು ಅದೊಂದೇ ಸಲ.

ಹೊಸ ಕಾಯಿ ಅಟ್ಟಕ್ಕೆ ಬಂದಾಗ ಇನ್ನು ಇದು ಬೇಕಾಗಿಲ್ಲ ಎಂದು ಅವಳು ಭಾವಿಸಿದ್ದಳು. ಆದರೆ ರಕ್ತದ ರುಚಿ ಕಂಡವನ ಬಾಯಾರಿಕೆ ಬೇರೆಯದಾಗಿತ್ತು. ಅವಳ ಕೈ ಕುಡಿದ ದಿನ ಅವನಿಗೆ ಇನ್ನೂ ಬೇಕೆನಿಸಿ, ಸಾಲುಸಾಲಾಗಿ ಕಾಯಿಗಳನ್ನು ಹೀರಿ ಬರಿದು ಮಾಡುತ್ತಿದ್ದ. ಕುಡಿಯದ ದಿನ ಕಾಯಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ದಸರೆಗೆ ಏರಿಸಿದ ಕಾಯಿ ದೀಪಾವಳಿಗೆ ಒಣಗಿ ಲೊಟಲೊಟ ಅನ್ನತೊಡಗಿತು.

ವರ್ಷದ ಕೆಲಸ ತಿಂಗಳಿಗೆ ಆಗುವುದನ್ನು ಗಂಗರಾಜು ಗಮನಿಸದೆ ಇರುತ್ತಾನೆಯೇ. ಒಂದು ಮಧ್ಯಾಹ್ನ ಸದ್ದಿಲ್ಲದೆ ಏಣಿ ಹತ್ತಿ ತಲೆಯಷ್ಟನ್ನೇ ಮೇಲೆ ತೂರಿಸಿದ. ಅಕ್ಕನ ಚಾಚಿದ ಕೈ ಕಂಡಿತು. ಅದರ ಮೇಲೆ ಬಾಗಿದ್ದ ಬಾಯಿ ಕಂಡಿತು. ಭೈರಮ್ಮನೂ ತಮ್ಮನನ್ನು ನೋಡಿದಳು. ಕಿರುಚುತ್ತಾನೆ, ಕೊಡಲಿ ತರುತ್ತಾನೆ, ತೊಲೆ ಕಡಿಯುತ್ತಾನೆ ಎಂದುಕೊಂಡಳು. ಗಂಗರಾಜುವಿನ ಮುಖ ಬಿಳಿಚಿತು. ಆಮೇಲೆ ಕೈ ಮುಂದೆ ಮಾಡಿ ಹತ್ತಿರದ ಒಂದು ಕಾಯಿ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕೇಳಿಸಿಕೊಂಡ. ಅದನ್ನು ಜಾಗಕ್ಕಿಟ್ಟು ಇಳಿದುಹೋದ.

ಅವತ್ತು ಊಟಕ್ಕೆ ಕೂತಾಗ ಭೈರಮ್ಮನ ತಟ್ಟೆಗೆ ಮುದ್ದೆಯ ಜೊತೆ ಎರಡು ಮೊಟ್ಟೆ ಬಿದ್ದವು.

"ಏನ್ಲಾ ಇದು, ಯಾವ ಹಬ್ಬ?"

"ಉಣ್ಣಕ್ಕ. ಸೊರಗಿದೀಯ," ಅಂದ ಗಂಗರಾಜು, ತಲೆಯೆತ್ತದೆ. "ನಾಳೆ ಕುರಿ ಕಾಳೀಜ ತರ್ತೀನಿ. ರಕ್ತಕ್ಕೆ ಒಳ್ಳೇದಂತೆ."

ಅವನು ಮಾತಿಗೆ ತಪ್ಪಲಿಲ್ಲ. ಕಾಳೀಜ ಬಂತು, ಖರ್ಜೂರ ಬಂತು, ಕಡಲೆಬೀಜ ಬೆಲ್ಲ ಬಂತು. ಚಿಕ್ಕನಾಯಕನಹಳ್ಳಿಯ ಡಾಕ್ಟರು ರಕ್ತ ಕಮ್ಮಿಯಿದೆ ಎಂದು ಬರೆದುಕೊಟ್ಟ ಮಾತ್ರೆಯನ್ನು ಗಂಗರಾಜು ತಾನೇ ಅಂಗೈಗೆ ಹಾಕಿ, ನುಂಗುವವರೆಗೆ ಎದುರಿಗೆ ನಿಂತಿರುತ್ತಿದ್ದ. ಅಂಗಳದಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸಲು ಬರುತ್ತಿದ್ದ ಹೆಂಗಸರಿಗೆ ಒಳಗಿನದು ಗೊತ್ತಿರಲಿಲ್ಲ, ಮೊಟ್ಟೆ ಮಾತ್ರ ಗೊತ್ತಿತ್ತು. ಅವರಲ್ಲಿ ಹಿರಿಯಳಾದ ತಿಮ್ಮಕ್ಕ ಒಂದು ದಿನ ಎಲ್ಲರ ಮುಂದೆ ಕೇಳಿದಳು.

"ಏನ್ ಭೈರಮ್ಮ, ತಮ್ಮ ಈ ಪಾಟಿ ಮೇಯಿಸ್ತಾವ್ನೆ. ಕೊರಳಿಗೆ ಗಂಟೆ ಯಾವಾಗ ಕಟ್ತಾನಂತೆ?"

"ಹಾಲು ಕರೆಯೋ ಹಸೂಗೆ ಹಿಂಡಿ ಹಾಕ್ದಿದ್ರೆ ಆಯ್ತದಾ ತಿಮ್ಮಕ್ಕ," ಅಂದಳು ಶಿಲ್ಪ, ಬಾಗಿಲಲ್ಲಿ ನಿಂತು. ಎಲ್ಲರೂ ನಕ್ಕರು. ಭೈರಮ್ಮನೂ ನಕ್ಕಳು.

ಅವಳಿಗೆ ಇದರಲ್ಲಿ ದುಃಖ ಕಾಣಲಿಲ್ಲ. ಇನ್ನು ಕದ್ದು ಹೋಗಬೇಕಾಗಿರಲಿಲ್ಲ. ತಮ್ಮನೇ "ಹತ್ತಕ್ಕ, ಹೊತ್ತಾಯ್ತು" ಎಂದು ಏಣಿ ಹಿಡಿಯುತ್ತಿದ್ದ. ತಮ್ಮ ತನ್ನನ್ನು ಅವನಿಗೆ ಮದುವೆ ಮಾಡಿಕೊಟ್ಟ ಹಾಗಾಯಿತು ಎಂದು ಒಳಗೊಳಗೇ ಅಂದುಕೊಂಡಿದ್ದಳಂತೆ.

ಆದರೆ ಮೈ ಕೇಳಬೇಕಲ್ಲ. ಮಾರನೆಯ ವರ್ಷದ ಹೊತ್ತಿಗೆ ಕೂದಲು ಬೆಳ್ಳಗಾಯಿತು. ಏಣಿಯ ಮಧ್ಯದಲ್ಲಿ ಕಣ್ಣು ಕತ್ತಲೆ ಬರತೊಡಗಿತು. ಅವನು ಕುಡಿಯುತ್ತ ಕುಡಿಯುತ್ತ ತಲೆಯೆತ್ತಿ, "ತೆಳ್ಳಗಾಗದೆ, ನೀರಿನಂಗೆ" ಎಂದು ದೂರಿದ. ಕಾಯಿ ಒಣಗುವುದು ನಿಧಾನವಾಯಿತು.

ಅಟ್ಟದ ನೆಲ ಎಂದರೆ ಸಂದು ಬಿಟ್ಟು ಜೋಡಿಸಿದ ದಬ್ಬೆಗಳು. ಕೆಳಗೆ ಹಾಕಿದ ಹೊಗೆ ಮೇಲೆ ಬರುವ ಹಾಗೆ ಕೆಳಗಿನ ಮಾತೂ ಬರುತ್ತದೆ. ಒಂದು ಮಧ್ಯಾಹ್ನ ಭೈರಮ್ಮ ಕಾಯಿಗಳ ನಡುವೆ ಸುಧಾರಿಸಿಕೊಳ್ಳುತ್ತ ಮಲಗಿದ್ದಾಗ ನಡುಮನೆಯಲ್ಲಿ ಗಂಡಹೆಂಡಿರು ಮಾತಾಡುವುದು ಕೇಳಿಸಿತು.

"ಅಕ್ಕನ ಕೈಲಿ ಇನ್ನಾಗಲ್ಲ ಕಣೆ. ಈ ಸಲ ಅರ್ಧ ಅಟ್ಟ ಹಂಗೇ ಅದೆ."

"ನಮ್ಮ ಚಿಕ್ಕಮ್ಮನ ಮಗಳು ಇಂಪನಾ ಇದಾಳಲ್ಲ. ತಾಯಿಲ್ಲದ ಹುಡುಗಿ, ಅವರಪ್ಪನಿಗೂ ಮನೇಲಿ ಒಂದು ತಟ್ಟೆ ಕಮ್ಮಿಯಾಗ್ಲಿ ಅಂತ. ಕರ್ಸಣ ಬುಡಿ."

"ಹುಡುಗಿಗೆ ಏನಾದ್ರೂ ಆದ್ರೆ?"

"ಏನಾಯ್ತದೆ? ಒಂದೆರಡು ತೊಟ್ಟು ಕಣ್ರೀ. ಸೊಳ್ಳೆ ಕುಡಿಯಲ್ವಾ?"

ತುರುವೇಕೆರೆಯ ಕಡೆಯಿಂದ ಇಂಪನಾ ಬಂದಳು. ಡಿಗ್ರಿ ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಿದ್ದವಳು. ಅಕ್ಕನ ಮನೆಯಲ್ಲಿದ್ದುಕೊಂಡು ಹೋಗಿಬಂದು ಓದಬಹುದು ಎಂದು ಆಸೆ ತೋರಿಸಿ ಕರೆಸಿದ್ದರು. ಕೆಂಪು ಕೆನ್ನೆ, ನಿಂತಲ್ಲಿ ನಿಲ್ಲದ ಕಾಲು. ಬಂದ ದಿನವೇ ಭೈರಮ್ಮನ ಹಿಂದೆ ಕೂತು ತಲೆ ಬಾಚಿದಳು.

"ಭೈರಕ್ಕ, ಇದಕ್ಕೆ ಡೈ ಹಾಕ್ಲಾ? ಹೀರೋಯಿನ್ ಆಗ್ಬುಡ್ತೀಯ."

"ಹೀರೋ ಎಲ್ಲೇ ಸಿಕ್ತಾನೆ ನಂಗೆ?"

"ನೀನು ಹೂಂ ಅನ್ನು, ಕಿಬ್ಬನಹಳ್ಳಿ ಕ್ರಾಸಿನಿಂದ ಇಲ್ಲೀಗಂಟ ಕ್ಯೂ ನಿಲ್ಲಿಸ್ತೀನಿ."

ಅವ್ವ ಸತ್ತ ಮೇಲೆ ತನ್ನ ತಲೆಗೆ ಇನ್ನೊಬ್ಬರ ಕೈ ಬಿದ್ದಿದ್ದು ಅದೇ ಮೊದಲು, ಎಂದು ಭೈರಮ್ಮ ನನಗೆ ಹೇಳಿದಳು. ಆ ಹುಡುಗಿ ತನ್ನ ಪಾಲಿನ ಮೊಟ್ಟೆಯನ್ನೂ ಅವಳ ತಟ್ಟೆಗೆ ಹಾಕುತ್ತಿದ್ದಳು. "ನೀನು ತಿನ್ನು ಭೈರಕ್ಕ, ನಂಗೆ ವಾಸನೆ," ಅನ್ನುತ್ತಿದ್ದಳು. ವಾಸನೆಯಲ್ಲ, ಕನಿಕರ ಎಂದು ಭೈರಮ್ಮನಿಗೆ ಗೊತ್ತಾಗುತ್ತಿತ್ತು.

ಸೋಮವಾರದಿಂದ ಅಟ್ಟದ ಕೆಲಸ ಕಲಿತುಕೋ ಎಂದು ಗಂಗರಾಜು ಇಂಪನಾಗೆ ಹೇಳಿದ. ಕೆಲಸವೆಂದರೆ ಕಾಯಿ ಹೊರಳಿಸುವುದು ಎಂದುಕೊಂಡು ಹುಡುಗಿ ಆಗಲಿ ಭಾವ ಅಂದಳು. ಭಾನುವಾರ ಮಧ್ಯಾಹ್ನ ಭೈರಮ್ಮ ಕಷ್ಟಪಟ್ಟು ಏಣಿ ಹತ್ತಿ ಅವನ ಎದುರಿಗೆ ಕೂತಳು. ಕೈ ಚಾಚಲಿಲ್ಲ.

"ನಾಳೆ ಇನ್ನೊಬ್ಳು ಬತ್ತಾಳೆ."

"ಕೆಳಗೆ ನಗೋಳಾ? ಅವಳ ಸದ್ದು ಕೇಳಿಸ್ತದೆ. ಮೈತುಂಬ ಓಡಾಡ್ತದೆ ಅವಳಿಗೆ," ಅಂದ. ಅವನ ಕಿವಿಗಳು ನಿಮಿರಿದ್ದವು.

"ಅವಳನ್ನೂ ಕುಡೀತೀಯಾ?"

"ಕುಡೀತೀನಿ."

"ನಾನು ಬ್ಯಾಡ ಅಂದ್ರೆ?"

"ನೀನು ಬ್ಯಾಡ ಅಂದ್ರೆ ಬಾಯಾರಿಕೆ ಹೋಯ್ತದಾ?"

"ಅವಳ ಕೆನ್ನೆನೂ ಮುಟ್ತೀಯಾ? ನನ್ನ ಮುಟ್ಟಿದಂಗೆ?"

"ಅತ್ತರೆ ಮುಟ್ತೀನಿ."

ಸುಳ್ಳು ಬಾರದವನನ್ನು ಪ್ರೀತಿಸಿದರೆ ಹೀಗೆ. ಭೈರಮ್ಮ ಕೊನೆಯ ಮಾತು ಕೇಳಿದಳು.

"ನಾನು ನಿಂಗೆ ಏನು?"

"ಪಕ್ಕದ ಮರ," ಅಂದ ಅವನು, ತಟ್ಟನೆ, ಮುದ್ದಾಗಿ.

ಇಷ್ಟು ವರ್ಷ ಕೇಳಲು ಕಾದಿದ್ದ ಮಾತು ಅದು. ಕೇಳಿಸಿಕೊಂಡು ಕೆಳಗಿಳಿದಳು. ರಾತ್ರಿ ಇಂಪನಾ ಪಕ್ಕದಲ್ಲಿ ಮಲಗಿ, ಕೈಯನ್ನು ಅವಳ ಸೊಂಟದ ಮೇಲೆ ಹಾಕಿಕೊಂಡು ನಿದ್ದೆ ಹೋದಳು. ಆ ಕೈಯನ್ನು ಭೈರಮ್ಮ ಎತ್ತಿ ಪಕ್ಕಕ್ಕಿಟ್ಟಳು.

ಬೆಳಿಗ್ಗೆ ಅಂಗಳದಲ್ಲಿ ತಿಮ್ಮಕ್ಕನೂ ಉಳಿದ ಹೆಂಗಸರೂ ಚಿಪ್ಪು ಬಿಡಿಸುತ್ತಿದ್ದರು. ಇಂಪನಾ ಕಸ ಗುಡಿಸಿ ಏಣಿಯ ಕಡೆಗೆ ಹೊರಟಿದ್ದಳು. ಭೈರಮ್ಮ ಜಗಲಿಯ ಕಂಬ ಹಿಡಿದುಕೊಂಡು, ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದಳು.

"ಶಿಲ್ಪಾ! ಬಾ ಇಲ್ಲಿ. ನಿನ್ನ ತಂಗಿಗೆ ಅಟ್ಟ ಯಾಕೆ? ಕೊಟ್ಟಿಗೆ ಸಾಲದಾ?"

"ಏನತ್ಗೆ?"

"ಕೊಟ್ಟಿಗೇಲಿ ನಿನ್ನ ಗಂಡನ ಜೊತೆ ಏನ್ ಮಾಡ್ತಿದ್ಳು ಕೇಳು. ಈ ಕಣ್ಣಾರೆ ಕಂಡಿದೀನಿ. ಒಂದು ಕಣ್ಣಾದ್ರೂ ನೆಟ್ಟಗದೆ ನಂಗೆ."

ಹೆಂಗಸರ ಕೈಯಲ್ಲಿದ್ದ ಮಚ್ಚುಗಳು ನಿಂತವು. ಇಂಪನಾ ತಿರುಗಿ ನೋಡಿದಳು. ಅವಳಿಗೆ ಮೊದಲು ನಗು ಬಂತಂತೆ, ಭೈರಕ್ಕ ಏನೋ ತಮಾಷೆ ಮಾಡುತ್ತಿದ್ದಾಳೆ ಎಂದು.

"ಯಾಕೆ ಭೈರಕ್ಕ ಹಿಂಗಂತೀಯ? ದೇವರಾಣೆ..."

"ದೇವರ ಹೆಸರು ಎತ್ತಬ್ಯಾಡ ಕಣೇ ಬೀದಿ ಬಸವಿ! ತಲೆ ಬಾಚ್ಬುಟ್ರೆ ನಾನು ಬಾಯಿ ಮುಚ್ಕಂಡಿರ್ತೀನಿ ಅನ್ಕಂಡ್ಯಾ?"

ತೋಟದಿಂದ ಬಂದ ಗಂಗರಾಜು, "ಅಕ್ಕ, ಏನ್ ಬೊಗಳ್ತಿದೀಯ, ಸುಳ್ಳು ಕಣೆ ಶಿಲ್ಪ," ಅಂದ. ಆದರೆ ಅವನು ತಡವರಿಸಿದ್ದನ್ನು ಎಲ್ಲರೂ ನೋಡಿದರು. ಆ ಹುಡುಗಿಯನ್ನು ಯಾಕೆ ಕರೆಸಿದ್ದು ಎಂಬ ನಿಜವನ್ನು ಅಂಗಳದಲ್ಲಿ ಹೇಳುವ ಹಾಗಿರಲಿಲ್ಲ. ಅದು ಗಂಟಲಲ್ಲಿ ಸಿಕ್ಕಿಕೊಂಡಿದ್ದವನ ಮುಖ, ಕಳ್ಳನ ಮುಖದ ಹಾಗೇ ಇತ್ತು.

ಶಿಲ್ಪಳ ಕಣ್ಣು ಗಂಡನ ಮೇಲಿಂದ ಹುಡುಗಿಗೆ, ಹುಡುಗಿಯಿಂದ ಗಂಡನಿಗೆ ಹೋಯಿತು. "ಅಟ್ಟಕ್ಕೆ ಅಂತ ಹೇಳಿ ಕೊಟ್ಟಿಗೆಗೆ ಕರ್ಸ್ಕಂಡ್ರಾ?" ಅಂದಳು, ಬಹಳ ಮೆತ್ತಗೆ.

ಆ ಹುಡುಗಿಯ ರಕ್ತ ಕೊಡಲು ಶಿಲ್ಪಳಿಗೆ ಒಂದು ಗಳಿಗೆಯೂ ಹಿಡಿದಿರಲಿಲ್ಲ. ಗಂಡನ ಮಾತು ಬಂದಾಗ ಮೈಮೇಲೆ ದೆವ್ವ ಬಂದಂತಾಯಿತು. ಜುಟ್ಟು ಹಿಡಿದು ಎಳೆದಳು, ಪೊರಕೆಯಲ್ಲಿ ಹೊಡೆದಳು, ಪೊರಕೆ ಮುರಿದ ಮೇಲೆ ಕರಟ ತೆಗೆದುಕೊಂಡು ಮುಖಕ್ಕೆ ಉಜ್ಜಿದಳು. ತಿಮ್ಮಕ್ಕ ಬಿಡಿಸಲು ಹೋದರೆ ಅವಳಿಗೂ ಬಿತ್ತು. ಇಂಪನಾ ಹೊಡೆಯುವವಳ ಕಡೆ ನೋಡುತ್ತಲೇ ಇರಲಿಲ್ಲ. ಕಂಬ ಹಿಡಿದು ನಿಂತವಳನ್ನೇ ನೋಡಿ, "ಹೇಳು ಭೈರಕ್ಕ, ಸುಳ್ಳು ಅಂತ ಹೇಳು ಭೈರಕ್ಕ," ಎಂದು ಅಳುತ್ತಿದ್ದಳು. ಭೈರಮ್ಮ ಆ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ನೋಡುತ್ತ ನಿಂತಳು. ಹೇಳಲಿಲ್ಲ.

ಹತ್ತೂವರೆಯ ಬಸ್ಸಿಗೆ ಹುಡುಗಿಯನ್ನೂ ಬ್ಯಾಗನ್ನೂ 'ಎತ್ತಿ ಹಾಕಿದರು' ಎಂದೇ ಊರಿನವರು ಹೇಳುವುದು. ಅವಳು ಊರು ತಲುಪುವ ಮೊದಲೇ ಶಿಲ್ಪಳ ಫೋನು ತಲುಪಿತ್ತು. ಅಪ್ಪ ಬಿ.ಎಡ್. ಬೇಡವೆಂದ. ಕಾರ್ತಿಕ ಕಳೆಯುವುದರೊಳಗೆ, ಮೊದಲ ಹೆಂಡತಿ ಸತ್ತ ಒಬ್ಬನಿಗೆ ಕೊಟ್ಟು ಕೈ ತೊಳೆದುಕೊಂಡ. ನಾನು ಅವಳನ್ನು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಮ್ಮೆ ನೋಡಿದೆ. ಕೆನ್ನೆಯ ಮೇಲೆ ಕರಟದ ಗೀರು ಹಾಗೇ ಇದೆ. ನಾನು ಕಂದಿಕೆರೆಯವಳೆಂದು ಗೊತ್ತಾದ ಕೂಡಲೇ ಅವಳು ಕೇಳಿದ್ದು ಒಂದೇ.

"ಆ ಒಕ್ಕಣ್ಣಿ ಸತ್ಳಾ?"

"ಇಲ್ಲಮ್ಮ, ಇದಾಳೆ."

"ಸತ್ತ ದಿನ ಹೇಳಿ ಕಳ್ಸಿ. ಸಂಪಿಗೆ ದೇವಸ್ಥಾನಕ್ಕೆ ಬಂದು ಕಾಯಿ ಒಡೀತೀನಿ," ಎಂದು ಉಗುಳಿ, ಗಂಡನ ಹಿಂದೆ ಬಸ್ಸು ಹತ್ತಿದಳು.

ಆ ಮಾತನ್ನು ನಾನು ಭೈರಮ್ಮನಿಗೆ ಹೇಳಲಿಲ್ಲ. ಅವಳ ಕಥೆಯೆಲ್ಲ ಕೇಳಿ ಮುಗಿದ ದಿನ, "ಏನೇ ಆಗಲಿ, ಒಂದು ಹೆಣ್ಣುಮಗಳ ಜೀವ ಉಳಿಸಿದೆ. ಭಗವಂತ ಅದನ್ನು ನೋಡಿರ್ತಾನೆ," ಅಂದೆ.

ಅವಳು ಅಡ್ಡಡ್ಡ ತಲೆಯಾಡಿಸಿದಳು.

"ಉಳ್ಸಾಕೆ ಮಾಡಿದ್ದಲ್ಲ ಕಣವ್ವ. ಉಳಿಸೋಳಾಗಿದ್ರೆ ಗುಟ್ಟಾಗಿ ಕರೆದು, 'ಓಡಿಹೋಗು ಮಗ' ಅಂತಿರ್ಲಿಲ್ವಾ? ಬಸ್ ಚಾರ್ಜು ಕೊಟ್ಟು ಕಳಿಸ್ತಿರ್ಲಿಲ್ವಾ? ಅವಳು ಇನ್ಯಾವತ್ತೂ ಆ ಏಣಿ ಹತ್ರ ಬರಬಾರ್ದಿತ್ತು. ಬಂದ್ರೆ ಅವನು ನನ್ನ ಮರೀತಿದ್ದ. ಅಷ್ಟೇ ನಂಗೆ ಬೇಕಾಗಿದ್ದು."

ಮುಡಿಯ ತುಳಸಿಯನ್ನು ಅವಳೇ ತೆಗೆದು ನನ್ನ ಕೈಗಿಟ್ಟಳು. ಆಮೇಲೆ, ಆ ಸೋಮವಾರ ಹೊತ್ತು ಮುಳುಗುವಾಗ ನಡೆದದ್ದನ್ನು, ಎದ್ದು ನಿಂತುಕೊಂಡೇ ಹೇಳಿದಳು.

ಮನೆಯಲ್ಲಿ ಆ ಸಂಜೆ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಏಣಿ ಹಿಡಿಯುವವರಿರಲಿಲ್ಲ. ಅವಳು ಒಂದೊಂದು ಮೆಟ್ಟಿಲಿಗೂ ಕೂತು ಕೂತು ಹತ್ತಿದಳು. ಮುಖ ತೊಳೆದಿದ್ದಳು. ಬೆಳ್ಳಗಿನ ತಲೆಯನ್ನು ತಾನೇ ಬಾಚಿ, ದಾಸವಾಳ ಮುಡಿದಿದ್ದಳು. ಮೇಲೆ ಹೋಗಿ ಅವನ ಹತ್ತಿರ ಕೂತಳು. ಎಲ್ಲ ತನ್ನದೇ ಆಗಿ ಉಳಿದಿದೆ ಎಂಬ ಸಮಾಧಾನದಿಂದ ಎದೆ ಏರಿಳಿಯುತ್ತಿತ್ತು.

ಅವನು ಅವಳ ಹಿಂದೆ, ಏಣಿಯ ಬಾಯಿಯ ಕಡೆ ನೋಡಿದ.

"ಅವಳು ಬರಲಿಲ್ವಾ?"

"ಇಲ್ಲ," ಅಂದಳು ಭೈರಮ್ಮ. ಕೈ ಚಾಚಿದಳು.

ಅವನು ಬಾಗಿ ಕುಡಿದ. ಸ್ವಲ್ಪವೇ ಸಿಕ್ಕಿರಬೇಕು. ಬೇಗ ತಲೆಯೆತ್ತಿದ. ತುಟಿ ನೆಕ್ಕಿಕೊಂಡು ಮತ್ತೆ ಆ ಕಡೆಯೇ ನೋಡಿದ.

"ನಾಳೆ ಬತ್ತಾಳಾ?"

ಭೈರಮ್ಮ ಎರಡೂ ಕೈಯಲ್ಲಿ ಅವನ ತಲೆ ಹಿಡಿದು, ಈ ಸಲ ತನ್ನ ಕೊರಳಿಗೆ ಒತ್ತಿಕೊಂಡಳು.